ಪರ್ಮಿಟಿವಿಟಿ ಅಳೆಯಲು ಯಾವ ವಿಧಾನ? ಮೈಕ್ರೋವೇವ್ ಪ್ರಯೋಗಶಾಲೆಗೆ ಹೋಲಿಕೆಯ ಮಾರ್ಗದರ್ಶಿ

ಎಫ್‌ಆರ್-4 ಎಂಬ ಗಾಜಿನ ನೇಯ್ಗೆಯ ಸರ್ಕಿಟ್ ಹಲಗೆಯ ಮೇಲೆ 2.45 ಗಿಗಾಹರ್ಟ್ಸ್‌ನ ಪ್ಯಾಚ್ ಆಂಟೆನಾ ಮಾಡಲು ಹೊರಟವರು ಹಲಗೆಯ ಪರ್ಮಿಟಿವಿಟಿ (ವಸ್ತು ವಿದ್ಯುತ್ ಶಕ್ತಿಯನ್ನು ಎಷ್ಟು ಹಿಡಿದಿಟ್ಟುಕೊಂಡು ತರಂಗವನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬುದರ ಅಳತೆ) 4.4 ಎಂದು ಹಿಡಿದು ಲೆಕ್ಕ ಶುರುಮಾಡುವುದು ರೂಢಿಯಾಗಿದೆ. ಅಂಗಡಿಯಿಂದ ತಂದ ಹಲಗೆಯಲ್ಲಿ ಅದು 4.2 ಇರಬಹುದು, 4.6 ಕೂಡ ಇರಬಹುದು. ಈ ಎರಡರ ನಡುವೆ ಆಂಟೆನಾದ ಅನುರಣನ ಆವೃತ್ತಿ ಸುಮಾರು 100 ಮೆಗಾಹರ್ಟ್ಸ್‌ನಷ್ಟು ಸರಿಯುತ್ತದೆ. ವೈಫೈ ಬಳಸುವ ಪಟ್ಟಿಯ ಅಗಲವೇ 83.5 ಮೆಗಾಹರ್ಟ್ಸ್. ಹಾಗಾಗಿ ಪರ್ಮಿಟಿವಿಟಿಯನ್ನು ಊಹಿಸಿಕೊಳ್ಳುವ ಬದಲು ಅಳೆಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಯಾವ ವಿಧಾನದಿಂದ ಅಳೆಯಬೇಕು ಎಂಬಲ್ಲಿ ಮಾತ್ರ ಗೊಂದಲವಿದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಎಂಜಿನಿಯರಿಂಗ್ ಕಾಲೇಜುಗಳು, ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಬಂದ ಐಐಟಿ ಎಲ್ಲವೂ ಒಂದೇ ಅವಳಿ ನಗರದಲ್ಲಿವೆ. ಆದ್ದರಿಂದ ಇಲ್ಲಿ ಅಳೆಯಬೇಕಾದ ವಸ್ತು ಸರ್ಕಿಟ್ ಹಲಗೆಯೊಂದೇ ಅಲ್ಲ. ನರಗುಂದದ ಎರೆ ಮಣ್ಣು, ಹಾವೇರಿ ಕಡೆಯ ಗೋವಿನಜೋಳ, ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಎಣ್ಣೆ ಇವೂ ಮೇಜಿನ ಮೇಲೆ ಬರುತ್ತವೆ, ಬರಬೇಕು ಕೂಡ. ಇವೆಲ್ಲಕ್ಕೂ ಒಂದೇ ವಿಧಾನ ಸಾಕೆಂದು ನಂಬಿ ಉಪಕರಣ ಕೊಂಡರೆ ಹಣ ಹೋಗುತ್ತದೆ, ನಂಬಬಹುದಾದ ಸಂಖ್ಯೆ ಮಾತ್ರ ಸಿಗುವುದಿಲ್ಲ.

ವಿಧಾನವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ವಸ್ತುವಿನ ನಷ್ಟ (ತರಂಗದ ಶಕ್ತಿ ಅದರೊಳಗೆ ಎಷ್ಟು ಶಾಖವಾಗಿ ಹೋಗುತ್ತದೆ ಎಂಬುದು), ಎರಡನೆಯದು ಅದರ ರೂಪ, ಮೂರನೆಯದು ಆವೃತ್ತಿ. ಉಪಕರಣದ ಬೆಲೆ ಇವೆಲ್ಲದರ ನಂತರ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಕ್ರಮ ತಲೆಕೆಳಗಾದಾಗಲೇ, ಅಂದರೆ ಕೈಗೆ ಸಿಕ್ಕ ಉಪಕರಣಕ್ಕೆ ವಸ್ತುವನ್ನು ಹೊಂದಿಸಲು ಹೊರಟಾಗಲೇ, ಪ್ರಾಜೆಕ್ಟ್ ವರದಿಗಳಲ್ಲಿ ಅರ್ಥವಿಲ್ಲದ ಅಂಕಿಗಳು ಸೇರಿಕೊಳ್ಳುತ್ತವೆ.

ಒಂದು ಸಂಖ್ಯೆಯಲ್ಲ, ಎರಡು

ಪರ್ಮಿಟಿವಿಟಿ ಎಂದು ನಾವು ಹೇಳುವುದರಲ್ಲಿ ಎರಡು ಭಾಗಗಳಿವೆ. ನಿಜಭಾಗವು ವಸ್ತು ಎಷ್ಟು ವಿದ್ಯುತ್ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು, ಹಾಗಾಗಿ ಅದರೊಳಗೆ ತರಂಗ ಎಷ್ಟು ನಿಧಾನವಾಗುತ್ತದೆ ಎಂಬುದನ್ನು ಹೇಳುತ್ತದೆ. ನಷ್ಟಭಾಗವು ಎಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ ಎಂಬುದನ್ನು ಹೇಳುತ್ತದೆ. ನಷ್ಟಭಾಗವನ್ನು ನಿಜಭಾಗದಿಂದ ಭಾಗಿಸಿದರೆ ಬರುವುದು ಲಾಸ್ ಟ್ಯಾಂಜೆಂಟ್. ಟೆಫ್ಲಾನಿಗೆ ನಿಜಭಾಗ ಸುಮಾರು 2.1, ಲಾಸ್ ಟ್ಯಾಂಜೆಂಟ್ 0.0003ರ ಆಸುಪಾಸು. ಎಫ್‌ಆರ್-4ಗೆ ಲಾಸ್ ಟ್ಯಾಂಜೆಂಟ್ ಸುಮಾರು 0.02. ನೀರಿನ ಕಥೆಯೇ ಬೇರೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 2.45 ಗಿಗಾಹರ್ಟ್ಸ್‌ಗೆ ಅದರ ನಿಜಭಾಗ ಸುಮಾರು 77, ನಷ್ಟಭಾಗ ಸುಮಾರು 9. ಅದೇ ನೀರಿಗೆ 10 ಗಿಗಾಹರ್ಟ್ಸ್‌ನಲ್ಲಿ ನಿಜಭಾಗ 63ಕ್ಕೆ ಇಳಿಯುತ್ತದೆ, ನಷ್ಟಭಾಗ 30ಕ್ಕೆ ಏರುತ್ತದೆ. ಟೆಫ್ಲಾನಿನಿಂದ ನೀರಿನವರೆಗೆ ಲಾಸ್ ಟ್ಯಾಂಜೆಂಟ್ ಸಾವಿರ ಪಟ್ಟಿಗೂ ಮೀರಿ ಬದಲಾಗುತ್ತದೆ. ಇಷ್ಟು ದೊಡ್ಡ ಅಂತರವನ್ನು ಒಂದೇ ವಿಧಾನ ಸಮನಾಗಿ ಅಳೆಯುತ್ತದೆ ಎಂದು ನಿರೀಕ್ಷಿಸುವುದೇ ತಪ್ಪು.

ಹಳೆಯ ಎಕ್ಸ್-ಬ್ಯಾಂಡ್ ಬೆಂಚನ್ನು ಕಡೆಗಣಿಸಬೇಡಿ

ಮೈಕ್ರೋವೇವ್ ಪ್ರಾಯೋಗಿಕ ಪಾಠವಿರುವ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಒಂದು ಎಕ್ಸ್-ಬ್ಯಾಂಡ್ (10 ಗಿಗಾಹರ್ಟ್ಸ್ ಆಸುಪಾಸಿನ) ಬೆಂಚ್ ಇರುತ್ತದೆ: ರಿಫ್ಲೆಕ್ಸ್ ಕ್ಲೈಸ್ಟ್ರಾನ್ ಅಥವಾ ಗನ್ ಡಯೋಡ್ ಮೂಲ, ಐಸೊಲೇಟರ್, ಆವೃತ್ತಿ ಮಾಪಕ, ಅಟೆನ್ಯುಯೇಟರ್, ಸ್ಲಾಟೆಡ್ ಲೈನ್ (ಒಳಗಿನ ತರಂಗವನ್ನು ಅಳೆಯಲು ಉದ್ದಕ್ಕೂ ಸೀಳಿರುವ ಗೈಡ್), ಎಸ್‌ಡಬ್ಲ್ಯೂಆರ್ ಮೀಟರ್. ಇದನ್ನು ಸಿಲೆಬಸ್ಸಿನ ಪ್ರಯೋಗಗಳಿಗಷ್ಟೇ ಎಂದುಕೊಂಡು, ಸಂಶೋಧನೆಗೆ ಹೊಸ ಯಂತ್ರವೇ ಬೇಕೆಂದು ಕಾಯುವವರು ಬಹಳ. ಆದರೆ ರಾಬರ್ಟ್ಸ್ ಮತ್ತು ಫಾನ್ ಹಿಪ್ಪೆಲ್ 1946ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಬೇಕಾದದ್ದು ಇಷ್ಟೇ. ವೇವ್‌ಗೈಡಿನ (ತರಂಗವನ್ನು ಒಯ್ಯುವ ಪೊಳ್ಳು ಲೋಹದ ಕೊಳವೆಯ) ತುದಿಯನ್ನು ಲೋಹದ ತಟ್ಟೆಯಿಂದ ಮುಚ್ಚಿ, ಹೋಗುವ ಮತ್ತು ಮರಳುವ ತರಂಗಗಳು ಸೇರಿ ಉಂಟಾಗುವ ಸ್ಥಾಯೀ ತರಂಗದ ಕನಿಷ್ಠ ಬಿಂದು ಎಲ್ಲಿದೆ ಎಂದು ಓದಿಕೊಳ್ಳುತ್ತೇವೆ. ಆಮೇಲೆ ತಟ್ಟೆಗೆ ತಾಗಿಸಿ ವಸ್ತುವಿನ ತುಂಡನ್ನು ಇಟ್ಟು ಮತ್ತೆ ಓದುತ್ತೇವೆ. ಕನಿಷ್ಠ ಬಿಂದು ತಟ್ಟೆಯ ಕಡೆಗೆ ಸರಿದಿರುತ್ತದೆ. ಎಷ್ಟು ಸರಿಯಿತು ಎಂಬುದರಿಂದ ನಿಜಭಾಗ ಸಿಗುತ್ತದೆ, ಕನಿಷ್ಠ ಬಿಂದು ಎಷ್ಟು ಅಗಲವಾಯಿತು ಎಂಬುದರಿಂದ ನಷ್ಟ ಸಿಗುತ್ತದೆ.

ಇದರ ನಿಖರತೆ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಬೆಂಚಿನ ವೇವ್‌ಗೈಡ್ ಡಬ್ಲ್ಯೂಆರ್-90, ಅಂದರೆ ಒಳಗಿನ ಅಳತೆ 22.86 ಮತ್ತು 10.16 ಮಿ.ಮೀ. ಆವೃತ್ತಿ 9.4 ಗಿಗಾಹರ್ಟ್ಸ್ ಇಟ್ಟರೆ ಗೈಡಿನೊಳಗಿನ ತರಂಗದೂರ 44.5 ಮಿ.ಮೀ. ಟೆಫ್ಲಾನ್ ತುಂಬಿದ ಭಾಗದಲ್ಲಿ ಅದು ಸುಮಾರು 25.1 ಮಿ.ಮೀ.ಗೆ ಇಳಿಯುತ್ತದೆ. ತುಂಡಿನ ಉದ್ದವನ್ನು ಅದರ ಕಾಲುಭಾಗ, ಅಂದರೆ 6.3 ಮಿ.ಮೀ. ಇಟ್ಟುಕೊಂಡರೆ ಕನಿಷ್ಠ ಬಿಂದು ಸುಮಾರು 4.85 ಮಿ.ಮೀ. ಸರಿಯುತ್ತದೆ. ಈ ಸ್ಥಾನವನ್ನು ಓದುವಲ್ಲಿ 0.1 ಮಿ.ಮೀ. ತಪ್ಪಿದರೂ ಪರ್ಮಿಟಿವಿಟಿಯಲ್ಲಿ ಬರುವ ತಪ್ಪು ಸುಮಾರು 0.016, ಅಂದರೆ ಶೇ. 1ಕ್ಕಿಂತಲೂ ಕಡಿಮೆ. ಬೆಂಚಿನ ವರ್ನಿಯರ್ ಮಾಪಕವನ್ನು ಗಮನವಿಟ್ಟು ಓದುವ ವಿದ್ಯಾರ್ಥಿಗೆ ಇದು ಸಾಧ್ಯವಾಗುವ ನಿಖರತೆಯೇ. ಲೆಕ್ಕಾಚಾರದಲ್ಲಿ ಒಂದು ತೊಡಕಿದೆ: ಸಮೀಕರಣಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಎರಡು ಬೇರೆ ಉದ್ದದ ತುಂಡುಗಳನ್ನು ಅಳೆದು, ಎರಡರಲ್ಲಿಯೂ ಬರುವ ಉತ್ತರವನ್ನು ಮಾತ್ರ ಇಟ್ಟುಕೊಂಡರೆ ತೊಡಕು ನೀಗುತ್ತದೆ. ಒಂದೇ ತುಂಡಿನಿಂದ ಉತ್ತರ ಬರೆದ ವರದಿಯನ್ನು ಮಾರ್ಗದರ್ಶಕರು ಒಪ್ಪಬಾರದು.

ನಷ್ಟದ ವಿಷಯಕ್ಕೆ ಬಂದಾಗ ಚಿತ್ರ ಬದಲಾಗುತ್ತದೆ. ಸ್ಥಾಯೀ ತರಂಗದ ಗರಿಷ್ಠ-ಕನಿಷ್ಠಗಳ ಅನುಪಾತವೇ ಎಸ್‌ಡಬ್ಲ್ಯೂಆರ್. ಮೇಲಿನ ಟೆಫ್ಲಾನ್ ತುಂಡಿಗೆ ಎಸ್‌ಡಬ್ಲ್ಯೂಆರ್ ಸುಮಾರು 1800 ಬರಬೇಕು. ಶಕ್ತಿ ಕನಿಷ್ಠದ ಎರಡು ಪಟ್ಟಾಗುವ ಎರಡು ಬಿಂದುಗಳ ನಡುವಿನ ಅಂತರ ಆಗ 0.008 ಮಿ.ಮೀ. ಮಾತ್ರ, ಅದನ್ನು ಸ್ಲಾಟೆಡ್ ಲೈನಿನಲ್ಲಿ ಓದಲು ಯಾರಿಂದಲೂ ಆಗದು, ಗೈಡಿನ ಗೋಡೆಗಳ ನಷ್ಟವೇ ಅದನ್ನು ಮುಚ್ಚಿಹಾಕುತ್ತದೆ. ಅದೇ ಲೆಕ್ಕವನ್ನು 4 ಮಿ.ಮೀ. ಉದ್ದದ ಎಫ್‌ಆರ್-4 ತುಂಡಿಗೆ ಮಾಡಿದರೆ ಎಸ್‌ಡಬ್ಲ್ಯೂಆರ್ ಸುಮಾರು 20, ಅಂತರ ಸುಮಾರು 0.7 ಮಿ.ಮೀ. ಇದನ್ನು ಆರಾಮವಾಗಿ ಓದಬಹುದು. ಒಂದೇ ಬೆಂಚು, ಒಂದೇ ಕೈ, ಆದರೆ ಒಂದು ವಸ್ತುವಿನ ನಷ್ಟ ಸಿಗುತ್ತದೆ, ಇನ್ನೊಂದರದು ಸಿಗುವುದೇ ಇಲ್ಲ. ನಷ್ಟವನ್ನು ಮೊದಲ ಪ್ರಶ್ನೆಯಾಗಿ ಇಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಟೆಫ್ಲಾನ್, ಅಲ್ಯೂಮಿನಾ, ಪಾಲಿಥಿನ್‌ನಂಥ ವಸ್ತುಗಳಿಗೆ ಈ ಬೆಂಚಿನಿಂದ ನಿಜಭಾಗವನ್ನು ಮಾತ್ರ ತೆಗೆದುಕೊಳ್ಳಬೇಕು; ಲಾಸ್ ಟ್ಯಾಂಜೆಂಟ್ ಕಾಲಂ ಖಾಲಿ ಬಿಡುವುದು ಪ್ರಾಮಾಣಿಕತೆ.

ತುಂಡು ಗೈಡಿನೊಳಗೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದೂ ಮುಖ್ಯ. ವಿದ್ಯುತ್ ಕ್ಷೇತ್ರವು ಅಗಲವಾದ ಗೋಡೆಗಳ ನಡುವೆ ನೇರವಾಗಿ ನಿಂತಿರುವುದರಿಂದ, ತುಂಡಿನ ಮೇಲ್ಮೈಗೂ ಆ ಗೋಡೆಗೂ ನಡುವೆ ಉಳಿಯುವ ಗಾಳಿಯ ಸಂದು ದೊಡ್ಡ ತಪ್ಪು ತರುತ್ತದೆ. 0.1 ಮಿ.ಮೀ. ಸಂದು ಇದ್ದರೆ 2.1 ಇರುವ ಟೆಫ್ಲಾನ್ 2.08 ಎಂದು ಕಾಣುತ್ತದೆ, ಅದೇನೂ ದೊಡ್ಡ ತಪ್ಪಲ್ಲ. ಪರ್ಮಿಟಿವಿಟಿ 10 ಇರುವ ಪಿಂಗಾಣಿ ಮಾತ್ರ 9.2 ಎಂದು ಕಾಣುತ್ತದೆ. ಬದಿಯ ಕಿರಿದಾದ ಗೋಡೆಗಳ ಕಡೆ ಇಷ್ಟೇ ಸಂದು ಇದ್ದರೂ ಅಷ್ಟು ಬಾಧೆಯಿಲ್ಲ, ಏಕೆಂದರೆ ಅಲ್ಲಿ ಕ್ಷೇತ್ರವೇ ಕ್ಷೀಣ. ಗೋಕುಲ ರಸ್ತೆಯ ಅಥವಾ ತಾರಿಹಾಳದ ಕೈಗಾರಿಕಾ ವಸಾಹತಿನ ವರ್ಕ್‌ಶಾಪಿನಲ್ಲಿ ತುಂಡು ಮಾಡಿಸುವಾಗ 10.16ರ ಅಳತೆಯ ಮೇಲೆಯೇ ಹೆಚ್ಚಿನ ಗಮನ ಕೇಳಬೇಕು.

ನೆಟ್‌ವರ್ಕ್ ಅನಲೈಸರ್ ಮತ್ತು ವೇವ್‌ಗೈಡ್

ವೆಕ್ಟರ್ ನೆಟ್‌ವರ್ಕ್ ಅನಲೈಸರ್, ಅಂದರೆ ವಿಎನ್‌ಎ ಕೈಗೆ ಸಿಕ್ಕರೆ ಒಂದೇ ಆವೃತ್ತಿಗೆ ಅಂಟಿಕೊಳ್ಳಬೇಕಿಲ್ಲ. ತುಂಡಿನಿಂದ ಪ್ರತಿಫಲಿಸಿದ ಮತ್ತು ಅದರ ಮೂಲಕ ಹಾದುಹೋದ ತರಂಗಗಳ ಪ್ರಮಾಣ ಮತ್ತು ಹಂತ (ಫೇಸ್) ಎರಡನ್ನೂ ಅಳೆದು, ಇಡೀ ಎಕ್ಸ್-ಬ್ಯಾಂಡಿಗೆ, ಅಂದರೆ 8.2ರಿಂದ 12.4 ಗಿಗಾಹರ್ಟ್ಸ್‌ವರೆಗೆ, ಪರ್ಮಿಟಿವಿಟಿಯನ್ನು ಪಡೆಯಬಹುದು. 1970ರಲ್ಲಿ ನಿಕೋಲ್ಸನ್ ಮತ್ತು ರಾಸ್, 1974ರಲ್ಲಿ ವೀರ್ ಕೊಟ್ಟ ಈ ಲೆಕ್ಕ ಕಾಂತೀಯ ಗುಣವನ್ನೂ ಜೊತೆಗೇ ಕೊಡುತ್ತದೆ. ಫೆರೈಟ್ ಮಿಶ್ರಣಗಳ ಮೇಲೆ ಕೆಲಸ ಮಾಡುವವರಿಗೆ ಇದರಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ.

ಇದರ ದೌರ್ಬಲ್ಯವೂ ಕಡಿಮೆ ನಷ್ಟದ ವಸ್ತುಗಳಲ್ಲಿಯೇ ಇದೆ. ತುಂಡಿನ ದಪ್ಪ ಅದರೊಳಗಿನ ಅರ್ಧ ತರಂಗದೂರಕ್ಕೆ ಸಮವಾದ ಆವೃತ್ತಿಯಲ್ಲಿ ಪ್ರತಿಫಲನ ಸೊನ್ನೆಗೆ ಹತ್ತಿರವಾಗುತ್ತದೆ, ಹಂತದ ಓದು ಅರ್ಥ ಕಳೆದುಕೊಳ್ಳುತ್ತದೆ, ಲೆಕ್ಕದಲ್ಲಿ ಚೂಪಾದ ಶಿಖರಗಳು ಏಳುತ್ತವೆ. ಆ ಶಿಖರಗಳನ್ನು ವಸ್ತುವಿನ ಅನುರಣನವೆಂದು ವ್ಯಾಖ್ಯಾನಿಸಿದ ಪ್ರಬಂಧಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಅವು ವಸ್ತುವಿನವಲ್ಲ, ತುಂಡಿನ ಉದ್ದದವು. ಟೆಫ್ಲಾನ್ ತುಂಡನ್ನು 9 ಮಿ.ಮೀ.ಗಿಂತ ತೆಳುವಾಗಿ, ಅಲ್ಯೂಮಿನಾ ತುಂಡನ್ನು 3.9 ಮಿ.ಮೀ.ಗಿಂತ ತೆಳುವಾಗಿ ಇಟ್ಟರೆ ಎಕ್ಸ್-ಬ್ಯಾಂಡಿನಲ್ಲಿ ಈ ತೊಂದರೆ ಬಾರದು. 1990ರಲ್ಲಿ ಬೇಕರ್-ಜಾರ್ವಿಸ್ ಮತ್ತು ಸಂಗಡಿಗರು ತೋರಿಸಿದ, ಪುನರಾವರ್ತನೆಯ ಮೂಲಕ ಉತ್ತರಕ್ಕೆ ಹತ್ತಿರವಾಗುವ ಲೆಕ್ಕ ಬಳಸಿದರೂ ಆಗುತ್ತದೆ, ಆದರೆ ಅದು ಕಾಂತೀಯವಲ್ಲದ ವಸ್ತುಗಳಿಗೆ.

ಇಷ್ಟಾದರೂ ಲಾಸ್ ಟ್ಯಾಂಜೆಂಟ್ 0.001ರ ಕೆಳಗಿದ್ದರೆ ಈ ದಾರಿಯೂ ಸಾಲದು.

ಕಡಿಮೆ ನಷ್ಟಕ್ಕೆ ಅನುರಣಕಗಳೇ ಗತಿ

ತರಂಗ ಒಂದು ಬಾರಿ ಹಾದುಹೋದಾಗ ಕಾಣದಷ್ಟು ಸಣ್ಣ ನಷ್ಟ, ಅದೇ ತರಂಗ ಕ್ಯಾವಿಟಿಯೊಳಗೆ, ಅಂದರೆ ಎಲ್ಲ ಕಡೆ ಮುಚ್ಚಿದ ಲೋಹದ ಪೊಳ್ಳಿನೊಳಗೆ, ಸಾವಿರಾರು ಬಾರಿ ಓಡಾಡಿದಾಗ ಕಾಣುವಷ್ಟು ದೊಡ್ಡದಾಗುತ್ತದೆ. ಕ್ಯಾವಿಟಿಯ ಒಳಗೆ, ವಿದ್ಯುತ್ ಕ್ಷೇತ್ರ ಗರಿಷ್ಠವಾಗಿರುವಲ್ಲಿ ವಸ್ತುವಿನ ತೆಳುವಾದ ಕಡ್ಡಿಯನ್ನು ತೂರಿಸಿದರೆ ಅನುರಣನ ಆವೃತ್ತಿ ಇಳಿಯುತ್ತದೆ, ಅನುರಣನ ಎಷ್ಟು ಚೂಪಾಗಿದೆ ಎಂಬುದನ್ನು ಹೇಳುವ ಕ್ಯೂ ಮೌಲ್ಯ ತಗ್ಗುತ್ತದೆ. ಮೊದಲನೆಯದರಿಂದ ನಿಜಭಾಗ, ಎರಡನೆಯದರಿಂದ ನಷ್ಟ. ಕಡ್ಡಿಯ ಗಾತ್ರ ಕ್ಯಾವಿಟಿಯ ಗಾತ್ರದ ಸಾವಿರದಲ್ಲೊಂದು ಭಾಗವಾಗಿದ್ದು, ಪರ್ಮಿಟಿವಿಟಿ 4 ಆಗಿದ್ದರೆ, 10 ಗಿಗಾಹರ್ಟ್ಸ್‌ನಲ್ಲಿ ಆವೃತ್ತಿ ಸುಮಾರು 60 ಮೆಗಾಹರ್ಟ್ಸ್ ಇಳಿಯುತ್ತದೆ. ಅದೇ ಕಡ್ಡಿಯ ಲಾಸ್ ಟ್ಯಾಂಜೆಂಟ್ 0.001 ಆಗಿದ್ದರೆ, ಖಾಲಿಯಿದ್ದಾಗ 5000 ಇದ್ದ ಕ್ಯೂ ಸುಮಾರು 4630ಕ್ಕೆ ಬರುತ್ತದೆ. ಈ ಬದಲಾವಣೆಯನ್ನು ವಿಎನ್‌ಎ ಸುಲಭವಾಗಿ ತೋರಿಸುತ್ತದೆ.

ಕ್ಯಾವಿಟಿಯನ್ನು ಕೊಂಡು ತರಬೇಕೆಂದೇನಿಲ್ಲ. ಡಬ್ಲ್ಯೂಆರ್-90 ಗೈಡಿನ ಒಂದು ನೇರ ತುಂಡು, ಎರಡೂ ಕಡೆ ನಡುವೆ ಸಣ್ಣ ರಂಧ್ರವಿರುವ ತಾಮ್ರದ ತಟ್ಟೆ, ಅಗಲ ಗೋಡೆಯ ನಡುವೆ ಕಡ್ಡಿ ತೂರಿಸಲು ಒಂದು ತೂತು, ಇಷ್ಟಿದ್ದರೆ ಕೆಲಸ ಆಗುತ್ತದೆ. ಲೇತು ಮತ್ತು ಮಿಲ್ಲಿಂಗ್ ಇರುವ ಯಾವ ವರ್ಕ್‌ಶಾಪಿನಲ್ಲಾದರೂ ಇದನ್ನು ಮಾಡಿಕೊಡುತ್ತಾರೆ. ಲೆಕ್ಕ ಸರಿಯಾಗಿರುವುದು ಕಡ್ಡಿ ಬಹಳ ಸಣ್ಣದಾಗಿದ್ದಾಗ ಮಾತ್ರ. ನೀರಿನಂಥ ದ್ರವವನ್ನು ಇದರಲ್ಲಿ ಅಳೆಯುವುದಿದ್ದರೆ ತೆಳುವಾದ ಗಾಜಿನ ಕ್ಯಾಪಿಲರಿ ನಳಿಕೆಯಲ್ಲಿ ತುಂಬಿಯೇ ಅಳೆಯಬೇಕು, ಖಾಲಿ ನಳಿಕೆಯ ಓದನ್ನು ಮೊದಲು ತೆಗೆದುಕೊಂಡಿರಬೇಕು. ಶೇಂಗಾ ಎಣ್ಣೆಗೆ ನಾನು ಸೂಚಿಸುವುದು ಈ ವಿಧಾನವನ್ನೇ. ಖಾದ್ಯತೈಲಗಳ ಪರ್ಮಿಟಿವಿಟಿ ಮೈಕ್ರೋವೇವ್ ಆವೃತ್ತಿಗಳಲ್ಲಿ 2.5ರ ಆಸುಪಾಸು ಇರುತ್ತದೆ, ಕರಿದು ಕರಿದು ಕೆಟ್ಟ ಎಣ್ಣೆಯಲ್ಲಿ ಸ್ವಲ್ಪ ಏರುತ್ತದೆ. ಆ ಸಣ್ಣ ಏರಿಕೆಯನ್ನು ಹಿಡಿಯಲು ಅನುರಣಕವೇ ಬೇಕು.

ಹಾಳೆಯಂತಿರುವ, ಸರ್ಕಿಟ್ಟಿಗೆ ಆಧಾರವಾಗುವ ಸಬ್‌ಸ್ಟ್ರೇಟ್‌ಗಳಿಗೆ ಇದಕ್ಕಿಂತ ಒಳ್ಳೆಯದು ಕ್ರುಪ್ಕಾ ಮತ್ತು ಸಂಗಡಿಗರು ಬೆಳೆಸಿದ ಸ್ಪ್ಲಿಟ್-ಪೋಸ್ಟ್ ಡೈಎಲೆಕ್ಟ್ರಿಕ್ ರೆಸೊನೇಟರ್. ಹಾಳೆಯನ್ನು ಕತ್ತರಿಸಿ ಆಕಾರ ಕೊಡುವ ಕೆಲಸವಿಲ್ಲ, ಎರಡು ಸೆರಾಮಿಕ್ ತಟ್ಟೆಗಳ ನಡುವೆ ತೂರಿಸಿದರೆ ಸಾಕು. ಒಂದೊಂದು ಉಪಕರಣ ಒಂದೇ ಆವೃತ್ತಿಗೆ ಎಂಬುದಷ್ಟೇ ಮಿತಿ. ಆದರೆ ಆರಿಸುವ ಮುನ್ನ ಒಂದು ವಿಷಯ ಗಮನದಲ್ಲಿರಬೇಕು. ಇದರಲ್ಲಿ ವಿದ್ಯುತ್ ಕ್ಷೇತ್ರ ಹಾಳೆಯ ಸಮತಲದಲ್ಲಿಯೇ ಇರುತ್ತದೆ. ಮೇಲೆ ತಾಮ್ರದ ಗೆರೆ, ಕೆಳಗೆ ತಾಮ್ರದ ಹೊದಿಕೆ ಇರುವ ಮೈಕ್ರೋಸ್ಟ್ರಿಪ್ ಸರ್ಕಿಟ್ಟಿನಲ್ಲಿ ಕ್ಷೇತ್ರ ಬಹುಪಾಲು ಹಾಳೆಯ ದಪ್ಪವನ್ನು ಹಾಯ್ದು ಹೋಗುತ್ತದೆ. ಗಾಜಿನ ನೇಯ್ಗೆಯಿರುವ ಹಲಗೆಗಳಲ್ಲಿ ಈ ಎರಡು ದಿಕ್ಕುಗಳ ಪರ್ಮಿಟಿವಿಟಿ ಒಂದೇ ಅಲ್ಲ, ಸಮತಲದ್ದು ಹೆಚ್ಚು. ಹಾಗಾಗಿ ಉಪಕರಣ ತಪ್ಪದೆ ಕೊಟ್ಟ ಸಂಖ್ಯೆಯೂ ನಿಮ್ಮ ಸರ್ಕಿಟ್ಟಿಗೆ ತಪ್ಪಾಗಿರಬಹುದು.

ಸರ್ಕಿಟ್ಟಿಗೆ ಸರ್ಕಿಟ್ಟೇ ಅಳತೆಗೋಲು

ರೋಜರ್ಸ್ ಕಂಪನಿಯ ಆರ್‌ಒ4350ಬಿ ಹಲಗೆಯ ಮಾಹಿತಿ ಹಾಳೆಯನ್ನು ಗಮನವಿಟ್ಟು ಓದಿದವರಿಗೆ ಅದರಲ್ಲಿ ಎರಡು ಪರ್ಮಿಟಿವಿಟಿಗಳು ಕಾಣುತ್ತವೆ: ತಯಾರಿಕೆಯ ನಿಯಂತ್ರಣಕ್ಕೆ 3.48, ವಿನ್ಯಾಸಕ್ಕೆ 3.66. ಒಂದೇ ಹಲಗೆಗೆ ಎರಡು ಸಂಖ್ಯೆಗಳು ಬಂದದ್ದು ಅಳೆದ ವಿಧಾನಗಳು ಎರಡಾದದ್ದರಿಂದ. ಮೊದಲನೆಯದು ಹಲಗೆಯ ಹಾಳೆಗಳನ್ನು ಒತ್ತಿ ಹಿಡಿದು ಸ್ಟ್ರಿಪ್‌ಲೈನ್ ಅನುರಣಕದಲ್ಲಿ ಅಳೆದದ್ದು, ಎರಡನೆಯದು ನಿಜವಾದ ಮೈಕ್ರೋಸ್ಟ್ರಿಪ್ ಗೆರೆಗಳ ಹಂತದ ವ್ಯತ್ಯಾಸದಿಂದ ಪಡೆದದ್ದು. ಪರ್ಮಿಟಿವಿಟಿ ವಸ್ತುವಿನ ಗುಣ ಎಂಬುದು ನಿಜವಾದರೂ, ನಮ್ಮ ಕೈಗೆ ಬರುವ ಸಂಖ್ಯೆ ವಿಧಾನದ ಗುರುತನ್ನು ಹೊತ್ತೇ ಬರುತ್ತದೆ.

ಇದರಿಂದ ಸರ್ಕಿಟ್ ವಿನ್ಯಾಸ ಮಾಡುವವರಿಗೆ ಸಿಗುವ ದಾರಿ ಸರಳವಾದದ್ದು: ಅದೇ ಹಲಗೆಯ ಮೇಲೆ ಒಂದು ಉಂಗುರ ಅನುರಣಕವನ್ನು ಎಚ್ (ಬೇಡದ ತಾಮ್ರವನ್ನು ಕರಗಿಸಿ ಆಕಾರ ಮೂಡಿಸುವುದು) ಮಾಡಿಸಿ. ಟ್ರೌಟನ್ 1969ರಲ್ಲಿ ಮೈಕ್ರೋಸ್ಟ್ರಿಪ್‌ಗೆ ಪರಿಚಯಿಸಿದ ಈ ವಿಧಾನಕ್ಕೆ ಬೇಕಾದದ್ದು ಒಂದು ಸಣ್ಣ ಹಲಗೆ, ಎರಡು ಎಸ್‌ಎಂಎ ಕನೆಕ್ಟರುಗಳು, ಒಂದು ವಿಎನ್‌ಎ. 3 ಗಿಗಾಹರ್ಟ್ಸ್‌ವರೆಗೆ ಅಳೆಯುವ ಅಂಗೈಯಗಲದ ನ್ಯಾನೊವಿಎನ್‌ಎ ಕೂಡ ಸಾಕು. 1.6 ಮಿ.ಮೀ. ದಪ್ಪದ ಎಫ್‌ಆರ್-4 ಮೇಲೆ 3 ಮಿ.ಮೀ. ಅಗಲದ ಗೆರೆಯನ್ನು 10.7 ಮಿ.ಮೀ. ಸರಾಸರಿ ತ್ರಿಜ್ಯದ ಉಂಗುರವಾಗಿ ಮಾಡಿದರೆ, ಪರ್ಮಿಟಿವಿಟಿ 4.4 ಇದ್ದಾಗ ಅದು 2.45 ಗಿಗಾಹರ್ಟ್ಸ್‌ನಲ್ಲಿ ಅನುರಣಿಸಬೇಕು. ಅಳೆದಾಗ 2.50 ಬಂದರೆ ಹಲಗೆಯ ಪರ್ಮಿಟಿವಿಟಿ ಸುಮಾರು 4.2. ಉಂಗುರಕ್ಕೂ ಎರಡು ಬದಿಯ ಗೆರೆಗಳಿಗೂ ನಡುವಿನ ಸಂದು ಕಿರಿದಾದಷ್ಟೂ ಸಂಕೇತ ದೊಡ್ಡದಾಗುತ್ತದೆ, ಜೊತೆಗೆ ಅನುರಣನ ಆವೃತ್ತಿಯೂ ಸ್ಥಾನ ಬಿಟ್ಟು ಸರಿಯುತ್ತದೆ. ಆದ್ದರಿಂದ ಸಂಕೇತ ಕ್ಷೀಣವಾದರೂ ಚಿಂತೆಯಿಲ್ಲ, ಸಂದನ್ನು ದೊಡ್ಡದಾಗಿಯೇ ಇಡಿ. ಎಫ್‌ಆರ್-4ನಂಥ ಹೆಚ್ಚು ನಷ್ಟದ ಹಲಗೆಗೆ ಇದರಿಂದ ಲಾಸ್ ಟ್ಯಾಂಜೆಂಟನ್ನೂ ಅಂದಾಜಿಸಬಹುದು. 0.0009 ಲಾಸ್ ಟ್ಯಾಂಜೆಂಟಿನ ಡ್ಯುರಾಯ್ಡ್ 5880 ಹಲಗೆಯಲ್ಲಿ ತಾಮ್ರದ ನಷ್ಟ ಮತ್ತು ವಿಕಿರಣವೇ ಮುಂದಾಗುವುದರಿಂದ ಅಲ್ಲಿ ನಿಜಭಾಗಕ್ಕೆ ಮಾತ್ರ ನಂಬಬೇಕು.

ಮೈಕ್ರೋಸ್ಟ್ರಿಪ್ ಆಂಟೆನಾ ಅಥವಾ ಫಿಲ್ಟರ್ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ ಬೇರೆ ಯಾವ ವಿಧಾನವನ್ನೂ ನಾನು ಸೂಚಿಸುವುದಿಲ್ಲ. ಆಂಟೆನಾ ಎಚ್ ಮಾಡಿಸುವ ಹಲಗೆಯ ಮೂಲೆಯಲ್ಲಿಯೇ ಈ ಉಂಗುರವನ್ನೂ ಸೇರಿಸಿದರೆ ಹೆಚ್ಚುವರಿ ಖರ್ಚೂ ಇಲ್ಲ.

ಮಣ್ಣು, ಕಾಳು, ಮೆಣಸಿನಕಾಯಿ

ತೇವವಿರುವ ವಸ್ತುಗಳಿಗೆ ತುದಿ ತೆರೆದ ಕೋಆಕ್ಸಿಯಲ್ ಪ್ರೋಬ್ ಎಂಬುದು ಎಲ್ಲರೂ ಮೊದಲು ಕೇಳುವ ಹೆಸರು. ಪ್ರೋಬಿನ ಚಪ್ಪಟೆ ತುದಿಯನ್ನು ದ್ರವದಲ್ಲಿ ಅದ್ದಿದರೆ ಅಥವಾ ಮೆತ್ತಗಿನ ವಸ್ತುವಿಗೆ ಒತ್ತಿದರೆ ನೂರಾರು ಮೆಗಾಹರ್ಟ್ಸ್‌ನಿಂದ ಹತ್ತಾರು ಗಿಗಾಹರ್ಟ್ಸ್‌ವರೆಗೆ ಒಂದೇ ಓಟದಲ್ಲಿ ಪರ್ಮಿಟಿವಿಟಿ ಸಿಗುತ್ತದೆ. ಹಾಲು, ಹಣ್ಣಿನ ತಿರುಳು, ಉಪ್ಪುನೀರಿಗೆ ಇದಕ್ಕೆ ಸಾಟಿಯಿಲ್ಲ. ನಿಜಭಾಗದಲ್ಲಿ ಶೇ. 5ರ ಆಸುಪಾಸು, ಲಾಸ್ ಟ್ಯಾಂಜೆಂಟಿನಲ್ಲಿ 0.05ರಷ್ಟು ಅನಿಶ್ಚಿತತೆಯನ್ನು ನಿರೀಕ್ಷಿಸಬೇಕು. ಎಫ್‌ಆರ್-4ರ ಲಾಸ್ ಟ್ಯಾಂಜೆಂಟ್ 0.02 ಎಂಬುದನ್ನು ನೆನೆದರೆ, ಪ್ರೋಬಿನಿಂದ ಸರ್ಕಿಟ್ ಹಲಗೆಯ ನಷ್ಟ ಅಳೆಯುವುದು ಏಕೆ ಸಲ್ಲದು ಎಂಬುದು ತಿಳಿಯುತ್ತದೆ: ಅಳೆಯಬೇಕಾದದ್ದಕ್ಕಿಂತ ತಪ್ಪೇ ದೊಡ್ಡದು.

ಪ್ರೋಬನ್ನು ಗಾಳಿ, ಶಾರ್ಟ್ (ತುದಿಯನ್ನು ಲೋಹದಿಂದ ಮುಚ್ಚುವುದು) ಮತ್ತು ಶುದ್ಧ ನೀರಿನಿಂದ ಕ್ಯಾಲಿಬ್ರೇಟ್ ಮಾಡುತ್ತಾರೆ. ಇಲ್ಲಿ ನೀರಿನ ಉಷ್ಣತೆಯನ್ನು ಥರ್ಮಾಮೀಟರಿನಿಂದ ಓದಿ ಸಾಫ್ಟ್‌ವೇರಿಗೆ ಕೊಡಲೇಬೇಕು. ಕಡಿಮೆ ಆವೃತ್ತಿಯಲ್ಲಿ ನೀರಿನ ಪರ್ಮಿಟಿವಿಟಿ 20 ಡಿಗ್ರಿಯಲ್ಲಿ 80.1, 25ರಲ್ಲಿ 78.4, 35ರಲ್ಲಿ 74.8. ಏಪ್ರಿಲ್ ತಿಂಗಳಿನ ಹುಬ್ಬಳ್ಳಿಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಅಳೆಯುತ್ತಾ 25 ಡಿಗ್ರಿಯ ಸಂಖ್ಯೆಯನ್ನೇ ಬಿಟ್ಟರೆ ಮೊದಲ ಹೆಜ್ಜೆಯಲ್ಲಿಯೇ ಶೇ. 5ರಷ್ಟು ತಪ್ಪು ಸೇರಿಹೋಗುತ್ತದೆ.

ಎರೆ ಮಣ್ಣಿಗೆ ಪ್ರೋಬ್ ಎಷ್ಟರಮಟ್ಟಿಗೆ ಸರಿ? ಹಸಿಯಾಗಿ, ಮುದ್ದೆಯಾಗಿ ಇರುವಾಗ ಸರಿ. ಒಣಗುತ್ತಾ ಬಂದಂತೆ ಅದು ಕುಗ್ಗಿ ಬಿರುಕು ಬಿಡುವುದರಿಂದ ಪ್ರೋಬಿನ ತುದಿಗೂ ಮಣ್ಣಿಗೂ ನಡುವೆ ಗಾಳಿ ಸೇರಿಕೊಂಡು ಸಂಖ್ಯೆ ಕುಸಿಯುತ್ತದೆ. ಹೊಲದಲ್ಲಿಯೇ ಅಳೆಯುವವರು ಕಡ್ಡಿಗಳನ್ನು ನೆಲಕ್ಕೆ ಚುಚ್ಚಿ ಮಿಡಿತ ಹೋಗಿ ಬರುವ ಸಮಯವನ್ನು ಅಳೆಯುವ ಟಿಡಿಆರ್ ವಿಧಾನವನ್ನು ಬಳಸುತ್ತಾರೆ. ಒಣ ಮಣ್ಣಿನ ಪರ್ಮಿಟಿವಿಟಿ 3ರಿಂದ 5, ನೀರಿನದು ಸುಮಾರು 80 ಆಗಿರುವುದರಿಂದ ನಡುವಿನ ಸಂಖ್ಯೆ ತೇವಾಂಶವನ್ನು ಹೇಳುತ್ತದೆ. ಟಾಪ್, ಡೇವಿಸ್ ಮತ್ತು ಆನನ್ 1980ರಲ್ಲಿ ಕೊಟ್ಟ ಸಮೀಕರಣದಂತೆ ಪರ್ಮಿಟಿವಿಟಿ 20 ಬಂದರೆ ಮಣ್ಣಿನ ಗಾತ್ರದಲ್ಲಿ ನೀರು ಸುಮಾರು ಶೇ. 34.5. ಮಸಾರಿ ಮಣ್ಣಿಗೆ ಈ ಸಮೀಕರಣದಿಂದ ಶುರುಮಾಡಬಹುದು. ಜೇಡಿ ಹೆಚ್ಚಿರುವ ಎರೆ ಮಣ್ಣಿಗೆ ಮಾತ್ರ ಅದನ್ನು ಹಾಗೆಯೇ ಹಚ್ಚಬಾರದು: ಜೇಡಿಯ ಕಣಗಳಿಗೆ ಅಂಟಿಕೊಂಡ ನೀರು ಮುಕ್ತ ನೀರಿನಂತೆ ತಿರುಗಲಾರದು, ಅದರ ಪರ್ಮಿಟಿವಿಟಿ ಕಡಿಮೆ, ಆದ್ದರಿಂದ ಸಮೀಕರಣ ಇರುವ ನೀರಿಗಿಂತ ಕಡಿಮೆ ತೋರಿಸಬಹುದು. ಅದೇ ಹೊಲದ ಮಣ್ಣನ್ನು 105 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ ತೂಗಿ, ಆ ಮಣ್ಣಿನದೇ ಆದ ರೇಖೆಯನ್ನು ಎಳೆದುಕೊಳ್ಳಬೇಕು.

ಸವುಳು ಇರುವ ಹೊಲಗಳಲ್ಲಿ ಆವೃತ್ತಿಯ ಪ್ರಶ್ನೆ ಮುಂದೆ ಬರುತ್ತದೆ. ಮಣ್ಣಿನ ವಾಹಕತೆಯಿಂದ ಬರುವ ನಷ್ಟಭಾಗ, ವಾಹಕತೆಯನ್ನು ಸೀಮೆನ್ಸ್ ಪ್ರತಿ ಮೀಟರಿನಲ್ಲಿ ಬರೆದು 18ರಿಂದ ಗುಣಿಸಿ, ಗಿಗಾಹರ್ಟ್ಸ್‌ನಲ್ಲಿ ಬರೆದ ಆವೃತ್ತಿಯಿಂದ ಭಾಗಿಸಿದಷ್ಟು. ವಾಹಕತೆ 0.1 ಇದ್ದರೆ 100 ಮೆಗಾಹರ್ಟ್ಸ್‌ನಲ್ಲಿ ಅದು 18, 1 ಗಿಗಾಹರ್ಟ್ಸ್‌ನಲ್ಲಿ 1.8. ಹೀಗಾಗಿ ಸವುಳು ಮಣ್ಣಿಗೆ ಅಗ್ಗದ, ಕಡಿಮೆ ಆವೃತ್ತಿಯ ಸೆನ್ಸರುಗಳಿಗಿಂತ ಗಿಗಾಹರ್ಟ್ಸ್ ಮಟ್ಟದ ಅಳತೆ ಮೇಲು. ಹಾಗೆಂದು ಬಹಳ ಮೇಲಕ್ಕೂ ಹೋಗುವಂತಿಲ್ಲ, ಏಕೆಂದರೆ ನೀರಿನೊಳಗೆ ತರಂಗದ ಶಕ್ತಿ 2.45 ಗಿಗಾಹರ್ಟ್ಸ್‌ನಲ್ಲಿ ಸುಮಾರು 19 ಮಿ.ಮೀ. ಆಳಕ್ಕೆ ಇಳಿದರೆ 10 ಗಿಗಾಹರ್ಟ್ಸ್‌ನಲ್ಲಿ 1.3 ಮಿ.ಮೀ. ಮಾತ್ರ ಇಳಿಯುತ್ತದೆ.

ಗೋವಿನಜೋಳಕ್ಕೆ ಪ್ರೋಬ್ ಬೇಡ. ಗಟ್ಟಿಯಾದ, ಉಬ್ಬುತಗ್ಗಿನ ಕಾಳಿಗೆ ಚಪ್ಪಟೆ ತುದಿ ಕೂರುವುದಿಲ್ಲ. ಕಾಳನ್ನು ವೇವ್‌ಗೈಡಿನಲ್ಲಿ ತುಂಬಿ ಅಳೆಯುವುದು ಸರಿಯಾದ ಕ್ರಮ, ಆದರೆ ಎಕ್ಸ್-ಬ್ಯಾಂಡಿನ ಗೈಡ್ ಇದಕ್ಕೆ ಒಗ್ಗುವುದಿಲ್ಲ: ಅದರ ಎತ್ತರ 10.16 ಮಿ.ಮೀ., ಒಂದು ಗೋವಿನಜೋಳದ ಕಾಳೇ ಹೆಚ್ಚುಕಡಿಮೆ ಅಷ್ಟಿರುತ್ತದೆ. 72.14 ಮತ್ತು 34.04 ಮಿ.ಮೀ. ಅಳತೆಯ ಡಬ್ಲ್ಯೂಆರ್-284 ಗೈಡಿನಲ್ಲಿ, 2.6ರಿಂದ 3.95 ಗಿಗಾಹರ್ಟ್ಸ್ ನಡುವೆ ಅಳೆದರೆ ಸಾಕಷ್ಟು ಕಾಳುಗಳ ಸರಾಸರಿ ಸಿಗುತ್ತದೆ. ಬಿಳಿಜೋಳಕ್ಕಾದರೆ ಎಕ್ಸ್-ಬ್ಯಾಂಡೂ ನಡೆದೀತು. ಸೇರಿನಲ್ಲಿ ಅಳೆಯುವವರು ಒತ್ತಿ ತುಂಬುತ್ತಾರೋ ಸಡಿಲ ಬಿಡುತ್ತಾರೋ ಎಂಬುದರ ಮೇಲೆ ಕಾಳಿನ ತೂಕ ಬದಲಾಗುವಂತೆ, ಗೈಡಿನಲ್ಲಿ ಕಾಳು ಎಷ್ಟು ಒತ್ತಾಗಿ ಕೂತಿದೆ ಎಂಬುದರ ಮೇಲೆ ಪರ್ಮಿಟಿವಿಟಿಯೂ ಬದಲಾಗುತ್ತದೆ. ಇದನ್ನು ತಪ್ಪಿಸಲು ಮೇಯರ್ ಮತ್ತು ಶಿಲ್ಟ್ಸ್ ತೋರಿಸಿದ ದಾರಿಯಿದೆ: ನಷ್ಟಭಾಗವನ್ನು, ನಿಜಭಾಗದಿಂದ 1 ಕಳೆದು ಉಳಿದದ್ದರಿಂದ ಭಾಗಿಸಿದರೆ ಬರುವ ಅನುಪಾತವು ಸಾಂದ್ರತೆಗೆ ಹೆಚ್ಚು ಅಂಟಿಕೊಳ್ಳದೆ ತೇವಾಂಶವನ್ನು ಹಿಂಬಾಲಿಸುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ರೈತರ ಮಾಲಿನ ತೇವಾಂಶವನ್ನು ಕ್ಷಣದಲ್ಲಿ, ಕಾಳು ಅರೆಯದೆ ಹೇಳುವ ಮೀಟರನ್ನು ಇಲ್ಲಿಯೇ ಮಾಡಬೇಕೆನ್ನುವವರಿಗೆ ಈ ಅನುಪಾತ ಬಹಳ ಉಪಯೋಗದ್ದು. ತೇವಾಂಶ ಒಂದೆರಡು ಅಂಶ ಹೆಚ್ಚು ಎಂದು ಬೆಲೆ ಕಡಿಮೆಯಾಗುವುದು ರೈತರಿಗೆ ಸಣ್ಣ ಮಾತಲ್ಲ, ಆದ್ದರಿಂದ ಆ ಅಳತೆ ಸರಿಯಾಗಿರುವುದು ನ್ಯಾಯದ ಪ್ರಶ್ನೆಯೂ ಹೌದು.

ಮೆಣಸಿನಕಾಯಿಯನ್ನು ಇಡಿಯಾಗಿ ಅಳೆಯುವ ಪ್ರಯತ್ನವನ್ನು ಬಿಡುವುದು ಒಳ್ಳೆಯದು. ಒಳಗೆ ಪೊಳ್ಳು, ಸಿಪ್ಪೆ ಸುಕ್ಕುಸುಕ್ಕು. ಬರುವ ಸಂಖ್ಯೆ ಸಿಪ್ಪೆಯದೋ ಗಾಳಿಯದೋ ಎಂದು ಹೇಳಲಾಗದು. ಪುಡಿ ಮಾಡಿ, ತೂಗಿ, ಗೊತ್ತಾದ ಗಾತ್ರಕ್ಕೆ ಒತ್ತಿ, ಗೈಡಿನಲ್ಲಿ ಅಥವಾ ಕ್ಯಾವಿಟಿಯ ನಳಿಕೆಯಲ್ಲಿ ಅಳೆಯಬಹುದು. ಚೀಲವನ್ನೇ ಬಿಚ್ಚದೆ ಒಳಗಿನ ತೇವಾಂಶ ತಿಳಿಯಬೇಕೆಂದರೆ ಎರಡು ಹಾರ್ನ್ ಆಂಟೆನಾಗಳ ನಡುವೆ ಚೀಲವಿಟ್ಟು ಹಾದುಹೋಗುವ ತರಂಗವನ್ನು ಅಳೆಯುವ ಮುಕ್ತ-ಅವಕಾಶದ ವಿಧಾನವೊಂದೇ ಉಳಿಯುತ್ತದೆ. ಅದಕ್ಕೆ ದೊಡ್ಡ, ಸಮತಟ್ಟಾದ ಮಾದರಿ ಬೇಕು, ಅಂಚಿನಿಂದ ಸುತ್ತಿ ಬರುವ ತರಂಗಗಳನ್ನು ತಡೆಯಬೇಕು. ಪ್ರಯೋಗಶಾಲೆ ಮೊದಲು ಕೈಹಾಕಬೇಕಾದ ವಿಧಾನ ಅದಲ್ಲ.

ಕೊಳ್ಳುವ ಮುನ್ನ

ಹಣ ಸೀಮಿತವಾಗಿರುವ ವಿಭಾಗಕ್ಕೆ ನನ್ನ ಸಲಹೆ ಹೀಗಿದೆ. ಎಕ್ಸ್-ಬ್ಯಾಂಡ್ ಬೆಂಚು ಈಗಾಗಲೇ ಇದ್ದರೆ ಘನವಸ್ತುಗಳ ನಿಜಭಾಗಕ್ಕೆ ಅದನ್ನೇ ಬಳಸಿ, ಹೊಸ ಹಣವನ್ನು ಮೊದಲು ವಿಎನ್‌ಎಗೆ ಹಾಕಿ. ವಿಎನ್‌ಎ ಬಂದ ಮೇಲೆ ಉಂಗುರ ಅನುರಣಕ ಮತ್ತು ವರ್ಕ್‌ಶಾಪಿನಲ್ಲಿ ಮಾಡಿಸಿದ ಕ್ಯಾವಿಟಿ ಎರಡೂ ಅಲ್ಪ ಖರ್ಚಿನಲ್ಲಿ ಜೊತೆಯಾಗುತ್ತವೆ. ಕೃಷಿಯ ಮಾದರಿಗಳೇ ಮುಖ್ಯವಾಗಿದ್ದರೆ ಮಾತ್ರ ಪ್ರೋಬ್ ಕೊಳ್ಳಿ. ಸ್ಪ್ಲಿಟ್-ಪೋಸ್ಟ್ ಉಪಕರಣವನ್ನು ಹೊಸ ಸಬ್‌ಸ್ಟ್ರೇಟ್‌ಗಳನ್ನೇ ತಯಾರಿಸುವ ಗುಂಪು ಇದ್ದಾಗ ಯೋಚಿಸಿದರೆ ಸಾಕು.

ಯಾವ ವಿಧಾನವಾದರೂ ಸರಿ, ಅಪರಿಚಿತ ವಸ್ತುವಿಗೆ ಮುನ್ನ ಟೆಫ್ಲಾನ್ ತುಂಡೊಂದನ್ನು ಅಳೆಯಿರಿ, 2.0ರಿಂದ 2.1ರೊಳಗೆ ಬರದಿದ್ದರೆ ಮುಂದಕ್ಕೆ ಹೋಗಬೇಡಿ. ಮಳೆಗಾಲದ ಧಾರವಾಡದಲ್ಲಿ ಕಾಳು, ಪುಡಿ, ಅಷ್ಟೇಕೆ ಎಫ್‌ಆರ್-4 ಹಲಗೆ ಕೂಡ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮಾದರಿಗಳನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿಟ್ಟು, ಹೊರತೆಗೆದ ಕೂಡಲೇ ಅಳೆಯಬೇಕು. ಸಂಖ್ಯೆ ಬರೆಯುವಾಗ ಅದರ ಪಕ್ಕದಲ್ಲಿ ವಿಧಾನ, ಆವೃತ್ತಿ, ಉಷ್ಣತೆ, ತೇವಾಂಶ, ಸಾಂದ್ರತೆ, ಕ್ಷೇತ್ರದ ದಿಕ್ಕು ಇವಿಷ್ಟನ್ನೂ ಬರೆಯಿರಿ. ಇವು ಇಲ್ಲದ ಪರ್ಮಿಟಿವಿಟಿಯನ್ನು ಇನ್ನೊಬ್ಬರು ತಮ್ಮ ವಿನ್ಯಾಸದಲ್ಲಿ ಬಳಸಲಾರರು.